ಗೋಡೆ ಕಟ್ಟುವ ಮೊದಲು

(ಶತಮಾನೋತ್ಸವ ವರ್ಷದ ರಕ್ಷಕ-ಶಿಕ್ಷಕ ಹಾಗೂ ಹಳೆ ವಿದ್ಯಾರ್ಥಿ ಸಂಘಗಳ ಜಂಟಿ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವವರು ಹಿಂದಿನದನ್ನು ನೆನೆಯುವುದು ವಾಡಿಕೆ. ಮುಳಿಹುಲ್ಲಿನ ಮಾಡು, ಮರಳಿನ ಮೇಲೆ ಅಕ್ಷರ ತಿದ್ದಿದ ಬೆರಳುಗಳು, ಹೊಳೆ ದಾಟಿ ಬರುತ್ತಿದ್ದ ಗುರುಗಳು, ಗಡಿರೇಖೆ ಬದಲಾದರೂ ಭಾಷೆ ಬಿಡದ ಊರು ಇವೆಲ್ಲವನ್ನೂ ಕುರಿತು ಬಲ್ಲವರು ಸ್ಮರಣ ಸಂಚಿಕೆಗೆ ಬರೆಯುತ್ತಿದ್ದಾರೆ. ನಾವು ಇಂದು ಬೇರೊಂದು ವಿಷಯವನ್ನು ತಮ್ಮ ಮುಂದಿಡಬೇಕಾಗಿದೆ. ಅದು ಸಂಭ್ರಮದ ವಿಷಯವಲ್ಲ; ಆದರೆ ಸಂಭ್ರಮದ ವರ್ಷದಲ್ಲಿಯೇ ತೀರ್ಮಾನವಾಗಬೇಕಾದುದು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕೆಲವು ಹಿರಿಯ ವಿದ್ಯಾರ್ಥಿಗಳು ಶಾಲೆಗೆ ದೊಡ್ಡ ಮೊತ್ತವೊಂದನ್ನು ನೀಡಲು ಮುಂದೆ ಬಂದಿದ್ದಾರೆ. ಎತ್ತರವಾದ ಆವರಣ ಗೋಡೆ, ಕಬ್ಬಿಣದ ಗೇಟು, ಕ್ಯಾಮರಾಗಳು, ಒಬ್ಬ ಕಾವಲುಗಾರ ಇವಿಷ್ಟು ಆಗಬೇಕೆಂಬುದು ಅವರ ಅಪೇಕ್ಷೆ. ನೂರು ವರ್ಷ ಗೋಡೆಯಿಲ್ಲದೆ ನಡೆದ ಶಾಲೆಗೆ ಈಗೇಕೆ ಗೋಡೆಯೆಂದು ಇಲ್ಲಿ ಕೆಲವರು ಕೇಳಿದರು. ಉತ್ತರವಾಗಿ ಆ ದಾನಿಗಳಲ್ಲೊಬ್ಬರಾದ ನಮ್ಮ ಹಳೆಯ ವಿದ್ಯಾರ್ಥಿನಿ ಬರೆದ ಪತ್ರದ ಸಾರವನ್ನು, ಆಕೆಯ ಅನುಮತಿ ಪಡೆದು, ಹೇಳುತ್ತೇವೆ.

ಆಕೆಯ ಮಗಳಿಗೆ ಆರು ವರ್ಷ. ಅಲ್ಲಿಯ ಶಾಲೆಯಲ್ಲಿ ಒಂದನೇ ತರಗತಿ. ಒಂದು ಸಂಜೆ ಮಗು ಮನೆಗೆ ಬಂದು, ತಾನು ಇಂದು ಬಹಳ ಚೆನ್ನಾಗಿ ಸುಮ್ಮನಿದ್ದೆನೆಂದು ಹೆಮ್ಮೆಯಿಂದ ಹೇಳಿತಂತೆ. ಕೋವಿ ಹಿಡಿದವನೊಬ್ಬ ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂಬ ಅಭ್ಯಾಸ ಅಂದು ನಡೆದಿತ್ತು. ದೀಪವಾರಿಸಿ, ಬಾಗಿಲಿಗೆ ಬೀಗ ಹಾಕಿ, ಕಿಟಕಿಯಿಂದ ಕಾಣದ ಮೂಲೆಯಲ್ಲಿ ಮಕ್ಕಳನ್ನು ಒತ್ತಾಗಿ ಕೂರಿಸಿದ್ದರು. ಕೆಮ್ಮಬಾರದು, ಅಳಬಾರದು, ಬೂಟು ಸದ್ದಾಗಬಾರದು. ಇದನ್ನೆಲ್ಲ ಹೇಳಿ ಮಗು ತಾಯಿಯನ್ನು ಕೇಳಿತು: "ಅಮ್ಮಾ, ನಿನ್ನ ಶಾಲೆಯಲ್ಲಿ ನೀನು ಎಲ್ಲಿ ಅಡಗುತ್ತಿದ್ದೆ?" ತಾಯಿಗೆ ತಟ್ಟನೆ ನೆನಪಾದುದು ನಮ್ಮ ಬಾವಿಕಟ್ಟೆಯ ಬಳಿಯ ಹಲಸಿನ ಮರ. ಅದರ ಹಿಂದೆ ಆಕೆ ಅಡಗಿದ್ದುದು ಉಂಟು, ಕಣ್ಣುಮುಚ್ಚಾಲೆ ಆಡುವಾಗ. ಈ ಉತ್ತರವನ್ನು ಮಗುವಿಗೆ ಹೇಳಲು ಬಾಯಿ ಬರಲಿಲ್ಲವೆಂದು ಆಕೆ ಬರೆದಿದ್ದಾಳೆ. ಗೋಡೆಯ ಹಣ ಬಂದುದು ಆ ಸಂಜೆಯಿಂದ. ಆದುದರಿಂದ ಅದನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಿಲ್ಲ.

ಆದರೆ ಗೋಡೆ ಕಟ್ಟುವ ಮೊದಲು, ಆ ದೇಶ ಕಂಡುದನ್ನು ನಾವು ಸರಿಯಾಗಿ ಅರಿತುಕೊಳ್ಳಬೇಕು. ಅಷ್ಟು ದುಃಖ ಉಂಡವರ ಅನುಭವದಿಂದ ಗೋಡೆಯ ಅಳತೆಯನ್ನಷ್ಟೇ ಕಲಿತರೆ ಸಾಲದು.

1999ರ ಏಪ್ರಿಲ್ 20ರಂದು ಕೊಲೊರಾಡೋ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಅಲ್ಲಿಯ ಇಬ್ಬರು ವಿದ್ಯಾರ್ಥಿಗಳೇ ಗುಂಡು ಹಾರಿಸಿದರು. ಆ ದಿನ 12 ಮಂದಿ ಸಹಪಾಠಿಗಳೂ ಒಬ್ಬ ಅಧ್ಯಾಪಕರೂ ಸತ್ತರು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 32 ಮಂದಿಯನ್ನು ಕೊಂದನು. ಅವರಲ್ಲಿ ಒಬ್ಬರು ಜಲವಿಜ್ಞಾನದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್. ಅವರು ಹುಟ್ಟಿದ್ದು ತಮಿಳುನಾಡಿನ ಈರೋಡ್ ಜಿಲ್ಲೆಯ ಗೋಬಿಚೆಟ್ಟಿಪಾಳ್ಯದ ಬಳಿ. ನಮ್ಮಂತೆಯೇ ಗಡಿಯಾಚೆಗಿನ ಕನ್ನಡಿಗರಾದ ತಾಳವಾಡಿಯವರ ಜಿಲ್ಲೆಯೂ ಅದೇ. ಹಳ್ಳಿಯಿಂದ ಹೊರಟು ಅಷ್ಟು ದೂರ ಸಾಗಿದ ಆ ಗುರು ಪಾಠ ಹೇಳುತ್ತಿದ್ದಾಗಲೇ ಜೀವ ಬಿಟ್ಟರು. ಅದೇ ಕಟ್ಟಡದ ಇನ್ನೊಂದು ಕೊಠಡಿಯಲ್ಲಿ, ನಾಜಿಗಳ ಕಾಲದ ಯೆಹೂದ್ಯರ ನರಮೇಧದಿಂದ ಬದುಕುಳಿದು ಬಂದಿದ್ದ 76 ವರ್ಷದ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಬಾಗಿಲಿಗೆ ಮೈಯಾನಿಸಿ ನಿಂತರು, ಅವರ ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿ ಉಳಿದರು, ಅವರು ಉಳಿಯಲಿಲ್ಲ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡಿನಲ್ಲಿ 17 ಮಂದಿ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಅಧ್ಯಾಪಿಕೆಯರು. ಹೇಳದೆ ಬಿಟ್ಟವು ಇನ್ನೂ ಹಲವಿವೆ. ಪಟ್ಟಿ ಓದುವುದು ಸುಲಭ. ಆದರೆ ನಾವು ದಿನವೂ ಹಾಜರಿ ಕರೆಯುವವರು. 20 ಹೆಸರೆಂದರೆ ಹಾಜರಿ ಪುಸ್ತಕದ ಎಷ್ಟು ಗೆರೆಗಳು ಎಂಬುದನ್ನು ನಮ್ಮ ಬೆರಳು ಬಲ್ಲದು.

ಪ್ರತಿಯೊಂದು ಘಟನೆಯ ಬಳಿಕವೂ ಆ ದೇಶ ಒಂದೇ ವಾದದಲ್ಲಿ ಎರಡಾಗುತ್ತದೆ. ಅವರ ಸಂವಿಧಾನದ ಎರಡನೆಯ ತಿದ್ದುಪಡಿ 1791ರಲ್ಲಿ ಅಂಗೀಕಾರವಾದುದು. ಸುವ್ಯವಸ್ಥಿತವಾದ ಪ್ರಜಾಪಡೆಯ ಅಗತ್ಯವನ್ನು ಹೇಳಿ, ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕನ್ನು ಮುರಿಯಬಾರದೆಂದು ಒಂದೇ ವಾಕ್ಯದಲ್ಲಿ ಸಾರುವ ವಿಧಿ ಅದು. ಹಕ್ಕು ಪಡೆಗೋ ಪ್ರತಿಯೊಬ್ಬ ವ್ಯಕ್ತಿಗೋ ಎಂಬ ವಿವಾದ ಬಹುಕಾಲ ನಡೆಯಿತು. 2008ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೆಲ್ಲರ್ ಪ್ರಕರಣದಲ್ಲಿ, ನಾಲ್ವರ ವಿರುದ್ಧ ಐವರ ಬಹುಮತದಿಂದ, ಅದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. ಆದರೆ ಶಾಲೆಗಳಂತಹ ಸೂಕ್ಷ್ಮ ಸ್ಥಳಗಳಿಗೆ ಆಯುಧ ಒಯ್ಯುವುದನ್ನು ನಿಷೇಧಿಸುವ ಕಾನೂನುಗಳನ್ನು ತಾನು ಪ್ರಶ್ನಿಸುತ್ತಿಲ್ಲವೆಂಬ ಮಾತೂ ಅದೇ ತೀರ್ಪಿನಲ್ಲಿದೆ.

ಕೋವಿಯ ಹಕ್ಕನ್ನು ಬೆಂಬಲಿಸುವವರೆಲ್ಲರನ್ನೂ ಕ್ರೂರಿಗಳೆಂದು ತಿಳಿಯುವುದು ಅನ್ಯಾಯ. ಹತ್ತಿರದ ಪೊಲೀಸ್ ಠಾಣೆ ಗಂಟೆಗಟ್ಟಲೆ ದೂರವಿರುವ ಹಳ್ಳಿಗಾಡಿನಲ್ಲಿ ಮನೆಯನ್ನು ತಾನೇ ಕಾಯಬೇಕೆಂದು ನಂಬಿದ ರೈತರಿದ್ದಾರೆ. ಮಗನಿಗೆ ಬೇಟೆ ಕಲಿಸುವುದನ್ನು ಕುಲಧರ್ಮವೆಂದು ಬಗೆದ ತಂದೆಯರಿದ್ದಾರೆ. ಆಯುಧವೆಲ್ಲ ಸರಕಾರದ ಕೈಯಲ್ಲಿ ಸೇರಿದರೆ ಪ್ರಜೆಯ ಗತಿಯೇನೆಂದು ಅಂಜುವವರಿದ್ದಾರೆ. ಕೆಟ್ಟವನ ಕೈಯ ಕೋವಿಯನ್ನು ತಡೆಯಲು ಒಳ್ಳೆಯವನ ಕೈಯ ಕೋವಿಯೇ ಬೇಕೆಂಬುದು ಅವರ ಮುಖ್ಯ ವಾದ. ಎದುರು ಪಕ್ಷದವರು ಕೇಳುವುದಿಷ್ಟೆ: ಒಂದು ಹಕ್ಕಿನ ಬೆಲೆಯನ್ನು ಆರು ವರ್ಷದ ಮಕ್ಕಳು ಏಕೆ ತೆರಬೇಕು? ಕೊಳ್ಳುವವನ ಹಿನ್ನೆಲೆಯನ್ನು ವಿಚಾರಿಸಿದರೆ, ವಯಸ್ಸಿನ ಮಿತಿಯನ್ನು ಏರಿಸಿದರೆ, ಹಕ್ಕು ಎಲ್ಲಿ ಸಾಯುತ್ತದೆ?

ಸ್ಯಾಂಡಿ ಹುಕ್‌ನ ಬಳಿಕ, ಕೋವಿ ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ಮಸೂದೆ 2013ರ ಏಪ್ರಿಲಿನಲ್ಲಿ ಸೆನೆಟ್ ಸಭೆಗೆ ಬಂತು. ಮುಂದೆ ಸಾಗಲು 60 ಮತ ಬೇಕಿತ್ತು, ದೊರೆತುದು 54. ಮಕ್ಕಳನ್ನು ಕಳೆದುಕೊಂಡ ಹೆತ್ತವರ ಕಣ್ಣೆದುರೇ ಅದು ಬಿತ್ತು. ಪಾರ್ಕ್‌ಲ್ಯಾಂಡಿನ ಬಳಿಕ ಅಲ್ಲಿಯ ವಿದ್ಯಾರ್ಥಿಗಳೇ ಬೀದಿಗಿಳಿದರು. ಫ್ಲಾರಿಡಾ ರಾಜ್ಯ ಕೋವಿ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಅಪಾಯಕಾರಿಯೆಂದು ಕಂಡವನಿಂದ ನ್ಯಾಯಾಲಯದ ಆದೇಶದ ಮೂಲಕ ಆಯುಧ ಹಿಂಪಡೆಯುವ ಕಾನೂನು ತಂದಿತು. ಅದರ ಜೊತೆಗೇ ಶಾಲಾ ಸಿಬ್ಬಂದಿಗೆ ತರಬೇತಿ ಕೊಟ್ಟು ಕೋವಿ ನೀಡುವ ದಾರಿಯನ್ನೂ ತೆರೆಯಿತು. 2022ರ ಜೂನಿನ ಒಂದೇ ವಾರದಲ್ಲಿ, 23ರಂದು ಸರ್ವೋಚ್ಚ ನ್ಯಾಯಾಲಯ ಮನೆಯ ಹೊರಗೂ ಕೋವಿ ಧರಿಸುವ ಹಕ್ಕನ್ನು ಎತ್ತಿಹಿಡಿಯಿತು. 25ರಂದು ಅಧ್ಯಕ್ಷರು, ಹಲವು ದಶಕಗಳಲ್ಲೇ ಮಹತ್ವದ್ದೆನಿಸಿದ ಕೋವಿ ನಿಯಂತ್ರಣದ ಕಾನೂನಿಗೆ ಸಹಿ ಹಾಕಿದರು. ಒಂದು ಕೈ ಕಟ್ಟುವುದನ್ನು ಇನ್ನೊಂದು ಕೈ ಬಿಚ್ಚುತ್ತದೆ.

ಎಲ್ಲ ದೇಶಗಳೂ ಹೀಗೆ ಎರಡಾಗಿ ನಿಂತಿಲ್ಲ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಪ್ರಾಥಮಿಕ ಶಾಲೆಯಲ್ಲಿ 16 ಮಕ್ಕಳೂ ಅವರ ಅಧ್ಯಾಪಿಕೆಯೂ ಹತರಾದರು. ಹಂತಕನ ಪಿಸ್ತೂಲುಗಳಿಗೆ ಪರವಾನಗಿ ಇತ್ತು. ಹೆತ್ತವರೂ ಊರವರೂ ಸೇರಿ ಲಕ್ಷಾಂತರ ಸಹಿ ಸಂಗ್ರಹಿಸಿದರು. 1997ರಲ್ಲಿ ಎರಡು ಹಂತಗಳ ಕಾನೂನಿನಿಂದ ಗ್ರೇಟ್ ಬ್ರಿಟನ್ನಿನಲ್ಲಿ ಖಾಸಗಿ ಪಿಸ್ತೂಲುಗಳು ಬಹುಮಟ್ಟಿಗೆ ನಿಷೇಧವಾದವು. 1996ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ 35 ಮಂದಿ ಸತ್ತಾಗ ಆ ದೇಶವೂ ಕಾನೂನು ಬಿಗಿಗೊಳಿಸಿ, ಜನರಿಂದ ಆರು ಲಕ್ಷಕ್ಕೂ ಮಿಕ್ಕ ಕೋವಿಗಳನ್ನು ಹಣಕೊಟ್ಟು ಹಿಂಪಡೆಯಿತು. ಅಲ್ಲಿಯೂ ವಿರೋಧವಿತ್ತು. ಆದರೆ ಆ ದೇಶಗಳ ಸಂವಿಧಾನದಲ್ಲಿ ಕೋವಿಯ ಹಕ್ಕು ಇರಲಿಲ್ಲ.

ನಮ್ಮ ದೇಶದಲ್ಲಿಯೂ ಆ ಹಕ್ಕು ಇಲ್ಲ. ಇರಬಹುದಾಗಿತ್ತು ಎಂಬುದನ್ನು ಬಲ್ಲವರು ಕಡಿಮೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ, ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಎಚ್. ವಿ. ಕಾಮತ್, ನಮ್ಮ ನೆರೆಯ ಮಂಗಳೂರಿನಲ್ಲಿ ಹುಟ್ಟಿದವರು. ಅವರ ಮಾತಿಗೆ ಆಧಾರವಿತ್ತು. ಭಾರತೀಯರನ್ನು ನಿರಾಯುಧರನ್ನಾಗಿ ಮಾಡಿದ 1878ರ ಬ್ರಿಟಿಷ್ ಆಯುಧ ಕಾಯಿದೆಯ ಅವಮಾನ ಹಸಿಯಾಗಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ಆ ಹಕ್ಕಿನ ಮಾತಿತ್ತು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಯಾರು ಬೇಕಾದರೂ ಅಡೆತಡೆಯಿಲ್ಲದೆ ಪೇಟೆಗೆ ಹೋಗಿ ಆಯುಧ ಕೊಳ್ಳುವಂತಾದರೆ ರಾಜ್ಯಭಾರ ನಡೆಯುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಇಂದು 1959ರ ಆಯುಧ ಕಾಯಿದೆಯಂತೆ ಕೋವಿ ನಮಗೆ ಹಕ್ಕಲ್ಲ, ಪರವಾನಗಿ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಆದರೆ ಅಲ್ಲಿಯೂ ಅದಕ್ಕೆ ಪತ್ರವಿದೆ, ಲೆಕ್ಕವಿದೆ, ಅವಧಿಯಿದೆ.

ಹಾಗಾದರೆ ಕಾನೂನು ನಮ್ಮನ್ನು ಕಾಯುತ್ತಿದೆ, ನಾವು ಚಿಂತಿಸಬೇಕಾಗಿಲ್ಲ ಎನ್ನಬಹುದೇ? ಇಲ್ಲಿಂದ ಮುಂದಿನ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು.

ಮೊದಲು ಗೋಡೆ ಮತ್ತು ಕಾವಲಿನ ವಿಚಾರ. ಸ್ಯಾಂಡಿ ಹುಕ್ ಶಾಲೆಯ ಮುಖ್ಯಸ್ಥೆ ಡಾನ್ ಹೊಕ್‌ಸ್ಪ್ರಂಗ್ ಅಜಾಗರೂಕರಾಗಿರಲಿಲ್ಲ. ಬಂದವರು ಗಂಟೆಯೊತ್ತಿ, ಒಳಗಿನವರು ನೋಡಿ ಒಪ್ಪಿದ ಮೇಲೆಯೇ ಬಾಗಿಲು ತೆರೆಯುವ ವ್ಯವಸ್ಥೆಯನ್ನು ಅವರು ಮಾಡಿಸಿದ್ದರು. ಹಂತಕ ಬಾಗಿಲಿಗೆ ಕಾಯಲಿಲ್ಲ. ಪಕ್ಕದ ಗಾಜಿಗೆ ಗುಂಡಿಕ್ಕಿ ಒಳನುಗ್ಗಿದ. ಸದ್ದು ಕೇಳಿದಾಗ ಆ ತಾಯಿ ಓಡಿದ್ದು ಸದ್ದಿನ ಕಡೆಗೆ, ಅಲ್ಲಿಯೇ ಅಸುನೀಗಿದರು. ನಾವು ಕುಳಿತುಕೊಳ್ಳುವಂಥದೇ ಕುರ್ಚಿಯಲ್ಲಿ ಕುಳಿತಿದ್ದವರು ಅವರು. ಅವರ ಬಗ್ಗೆ ಓದಿದ ದಿನದಿಂದ ನಮ್ಮ ಕೋಣೆಯ ಬಾಗಿಲನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ. ಆ ಶಾಲೆಯ ತರಗತಿಯ ಬಾಗಿಲುಗಳಿಗೆ ಒಳಗಿನಿಂದ ಬೀಗ ಹಾಕಲು ಬರುತ್ತಿರಲಿಲ್ಲವೆಂಬುದು ಬಳಿಕ ತಿಳಿಯಿತು. ಆದುದರಿಂದ ಬಾಗಿಲು, ಅಗುಳಿ, ಬೀಗ ಇವು ಬೇಡವೆಂದು ನಾವು ಹೇಳುವುದಿಲ್ಲ.

ಆದರೆ ಕೊಲಂಬೈನಿನಲ್ಲಿ ಆಯುಧಧಾರಿ ಕಾವಲು ಅಧಿಕಾರಿಯೊಬ್ಬರಿದ್ದರು. ಹಂತಕರತ್ತ ಗುಂಡು ಹಾರಿಸಿದರು ಕೂಡ. ಪಾರ್ಕ್‌ಲ್ಯಾಂಡಿನಲ್ಲಿ ಇದ್ದವರು ಕಟ್ಟಡದ ಹೊರಗೇ ಉಳಿದರು. ಯುವಾಲ್ಡಿಯಲ್ಲಿ ಬಂದು ಸೇರಿದ ಅಧಿಕಾರಿಗಳ ಸಂಖ್ಯೆ 376. ತರಗತಿಯ ಒಳಹೊಕ್ಕು ಹಂತಕನನ್ನು ಎದುರಿಸಲು ಅವರಿಗೆ ಹಿಡಿದ ಕಾಲ 77 ನಿಮಿಷ. ಒಳಗಿನ ಮಕ್ಕಳು ಫೋನಿನಲ್ಲಿ ಪಿಸುದನಿಯಿಂದ ಸಹಾಯ ಕೇಳುತ್ತಲೇ ಇದ್ದರು. ಕೋವಿಯ ಸಂಖ್ಯೆಯಿಂದಲೇ ಸುರಕ್ಷೆ ಬರುವುದಾಗಿದ್ದರೆ ಅಂದು ಆ ಶಾಲೆಯಷ್ಟು ಸುರಕ್ಷಿತ ತಾಣ ಇನ್ನೊಂದಿರಲಿಲ್ಲ.

ಇನ್ನು, ಸುದ್ದಿಯಾಗದ ಸಂಗತಿಯೊಂದನ್ನು ಹೇಳುತ್ತೇವೆ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆಗಳು ಸೇರಿ 37 ಶಾಲಾ ಆಕ್ರಮಣಗಳನ್ನು ಕೂಲಂಕಷವಾಗಿ ಅಭ್ಯಾಸ ಮಾಡಿ 2002ರಲ್ಲಿ ವರದಿ ನೀಡಿದವು. ಆಕ್ರಮಣಕಾರನಿಗೆ ಇಂಥದೇ ಮುಖಲಕ್ಷಣ, ಇಂಥದೇ ಮನೆತನ ಎಂಬುದಿಲ್ಲವೆಂದು ಅದು ಹೇಳಿತು. ಆದರೆ ಮೂರು ವಿಷಯಗಳು ಮತ್ತೆ ಮತ್ತೆ ಕಂಡುಬಂದವು. 100ರಲ್ಲಿ 81 ಘಟನೆಗಳಲ್ಲಿ, ಹೀಗೊಂದು ಯೋಚನೆ ನಡೆದಿದೆಯೆಂದು ಕನಿಷ್ಠ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು. ಹೆಚ್ಚಾಗಿ ಅವರು ಗೆಳೆಯರೋ ಸಹಪಾಠಿಗಳೋ ಆಗಿದ್ದರು. ಆಕ್ರಮಣಕಾರರಲ್ಲಿ ಮೂರನೆಯ ಎರಡು ಪಾಲಿನಷ್ಟು ಮಂದಿಗೆ ಕೋವಿ ದೊರೆತುದು ಸ್ವಂತ ಮನೆಯಲ್ಲಿ ಅಥವಾ ಬಂಧುಗಳ ಮನೆಯಲ್ಲಿ. ಅವರಲ್ಲಿ 100ಕ್ಕೆ 71 ಮಂದಿ ತಾವು ಪೀಡನೆಗೆ, ಅವಮಾನಕ್ಕೆ ಗುರಿಯಾದವರೆಂದು ಬಗೆದಿದ್ದರು.

ಅಂದರೆ, ಸಿಡಿಲು ಎರಗಿದಂತೆ ಕಂಡದ್ದು ಬಹುಪಾಲು ಸಿಡಿಲಾಗಿರಲಿಲ್ಲ. ಮೋಡ ಕಟ್ಟಿದ್ದನ್ನು ಕಂಡವರಿದ್ದರು. ವರ್ಜೀನಿಯಾದ ಹಂತಕ ತನಗೇ ಅಪಾಯಕಾರಿಯೆಂದು 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ನಿರ್ಣಯಿಸಿದ್ದರು. ಆ ಕಾಗದ ಕೋವಿ ಖರೀದಿಯ ಪರಿಶೀಲನಾ ಪಟ್ಟಿಯವರೆಗೆ ತಲುಪಲಿಲ್ಲ. ಅವನು ಎರಡು ಪಿಸ್ತೂಲು ಕೊಂಡ. ಪಾರ್ಕ್‌ಲ್ಯಾಂಡಿನ ಹಂತಕನ ಬಗ್ಗೆ ಒಬ್ಬರು ಐದಾರು ವಾರ ಮೊದಲೇ ಎಫ್‌ಬಿಐಗೆ ಫೋನು ಮಾಡಿ ಎಚ್ಚರಿಸಿದ್ದರು. ಆ ಮಾತು ಸಂಬಂಧಪಟ್ಟವರ ಮೇಜಿಗೆ ಹೋಗಲಿಲ್ಲ. 2021ರ ನವೆಂಬರ್ 30ರಂದು ಮಿಶಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 15 ವರ್ಷದ ಹುಡುಗನ ಕಾಗದದಲ್ಲಿ ಕೋವಿಯ ಚಿತ್ರವನ್ನೂ ಸಹಾಯ ಬೇಡುವ ಮಾತುಗಳನ್ನೂ ಅಧ್ಯಾಪಿಕೆ ಬೆಳಗ್ಗೆಯೇ ಕಂಡರು. ಹೆತ್ತವರನ್ನು ಕರೆಸಲಾಯಿತು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಶಾಲೆ ಅವನನ್ನು ತರಗತಿಗೆ ಮರಳಿ ಕಳುಹಿಸಿತು. ಚೀಲವನ್ನು ಯಾರೂ ತೆರೆದು ನೋಡಲಿಲ್ಲ. ತಂದೆ ನಾಲ್ಕು ದಿನ ಮೊದಲು ಕೊಂಡ ಪಿಸ್ತೂಲು ಅದರಲ್ಲಿತ್ತು. ನಾಲ್ವರು ವಿದ್ಯಾರ್ಥಿಗಳು ಸತ್ತರು. 2024ರಲ್ಲಿ ತಾಯಿ ತಂದೆ ಇಬ್ಬರೂ ಅಪರಾಧಿಗಳೆಂದು ತೀರ್ಪಾಯಿತು. ಆ ಮೇಜಿನ ಸುತ್ತ ಕುಳಿತವರು ದುಷ್ಟರಾಗಿರಲಿಲ್ಲ. ಎಲ್ಲರಿಗೂ ಮುಗಿಸಬೇಕಾದ ಬೇರೆ ಕೆಲಸವಿತ್ತು, ಅಷ್ಟೆ.

ಬೇರೆಯವರ ತಪ್ಪನ್ನು ಇಷ್ಟು ವಿವರವಾಗಿ ಹೇಳಿದ ಮೇಲೆ ನಮ್ಮದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದಿನ ಮಾತು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೇಳುತ್ತೇವೆ. ನಮ್ಮ ಒಂಬತ್ತನೇ ತರಗತಿಯಲ್ಲಿ ಮಾತು ತೊದಲುವ ಹುಡುಗನೊಬ್ಬನಿದ್ದ. ಓದಲು ನಿಲ್ಲಿಸಿದಾಗ ಹಿಂದಿನ ಬೆಂಚಿನಿಂದ ಅವನ ತೊದಲನ್ನು ಅಣಕಿಸುವ ದನಿ ಏಳುತ್ತಿತ್ತು. ತರಗತಿ ನಗುತ್ತಿತ್ತು. ನಾವು "ಸದ್ದು!" ಎಂದು ಗದರಿ ಪಾಠ ಮುಂದುವರಿಸುತ್ತಿದ್ದೆವು. ಹೀಗೆ ಮೂರು ತಿಂಗಳು. ಒಂದು ದಿನ ನೀರಿನ ನಳ್ಳಿಯ ಬಳಿ ಆ ಹುಡುಗ, "ಅಜ್ಜನ ಕೋವಿ ತಂದು ಎಲ್ಲರನ್ನೂ ಸರಿಮಾಡುತ್ತೇನೆ" ಎಂದನಂತೆ. ಕೇಳಿಸಿಕೊಂಡವಳು ಏಳನೇ ತರಗತಿಯ ಒಬ್ಬ ಹುಡುಗಿ. ಅವಳು ಅಧ್ಯಾಪಕರಲ್ಲಿ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದೂಟದ ಅಡುಗೆಯ ಅಕ್ಕನಿಗೆ ಹೇಳಿದಳು. ಅಕ್ಕ ನಮ್ಮ ಬಳಿಗೆ ಬಂದರು. ನಾವು ಕಡತದಿಂದ ತಲೆಯೆತ್ತದೆ, "ಮಕ್ಕಳ ಮಾತು ಅಕ್ಕಾ, ಬಿಡಿ" ಎಂದೆವು.

ಮರುದಿನ ಅವರು ಮತ್ತೆ ಬಂದು ಬಾಗಿಲಲ್ಲಿ ನಿಂತರು. "ಟೀಚರೇ, ಆ ಹುಡುಗ ನಿನ್ನೆಯೂ ಊಟ ಮಾಡಲಿಲ್ಲ, ಇವತ್ತೂ ಮಾಡಲಿಲ್ಲ. ನೀವು ಏಳುವವರೆಗೆ ನಾನು ಇಲ್ಲಿಂದ ಹೋಗುವುದಿಲ್ಲ" ಎಂದರು. ಅಂದು ಸಂಜೆ ನಾವೂ ತರಗತಿಯ ಅಧ್ಯಾಪಕರೂ ಅವನ ಮನೆಗೆ ಹೋದೆವು. ಅಡಿಕೆ ತೋಟಕ್ಕೆ ಬರುವ ಹಂದಿ, ಮಂಗಗಳನ್ನು ಓಡಿಸಲು ಅಜ್ಜನಲ್ಲಿ ಪರವಾನಗಿಯ ಕೋವಿಯಿತ್ತು. ಅದು ಜಗಲಿಯ ಗೋಡೆಯಲ್ಲಿ, ಮಗುವಿನ ಕೈಗೆಟಕುವ ಎತ್ತರದಲ್ಲಿ ತೂಗುತ್ತಿತ್ತು. ಈಡಿನ ಡಬ್ಬಿ ಅದರ ಕೆಳಗಿನ ಗೂಡಿನಲ್ಲಿತ್ತು. ಬೀಗ ಯಾವುದಕ್ಕೂ ಇರಲಿಲ್ಲ. ವಿಷಯ ತಿಳಿದ ಅಜ್ಜ ಬಹಳ ಹೊತ್ತು ಮಾತನಾಡಲಿಲ್ಲ. ಎದ್ದು ಕೋವಿಯನ್ನು ಇಳಿಸಿ ಒಳಕೋಣೆಯಲ್ಲಿಟ್ಟು ಬೀಗ ಹಾಕಿದರು. ಮರುದಿನ ಠಾಣೆಗೆ ಒಯ್ದು ಒಪ್ಪಿಸಿ ಬಂದರು. ಚುನಾವಣೆಯ ಕಾಲದಲ್ಲಿ ವರ್ಷಗಳಿಂದ ಒಪ್ಪಿಸುತ್ತಿದ್ದವರೇ ಅವರು. ಮೊಮ್ಮಗನಿಗಾಗಿ ಒಪ್ಪಿಸಿದ್ದು ಅದೇ ಮೊದಲು.

ಹುಡುಗ ನಿಜವಾಗಿಯೂ ತರುತ್ತಿದ್ದನೇ? ಇಲ್ಲವೆಂದು ಅವನು ಹೇಳಿದ; ನಾವು ನಂಬಿದೆವು. ಅವನನ್ನು ಶಾಲೆಯಿಂದ ಹೊರಹಾಕಲಿಲ್ಲ. ಅಣಕಿಸಿದವರನ್ನೂ, ಅದನ್ನು ಕೇಳಿಯೂ ಕೇಳದಂತಿದ್ದ ನಮ್ಮನ್ನೂ ತಿದ್ದಿಕೊಳ್ಳುವ ಕೆಲಸ ಆ ವರ್ಷವೆಲ್ಲ ನಡೆಯಿತು. ಆದರೆ ಒಂದು ಲೆಕ್ಕ ಇಂದಿಗೂ ನಮ್ಮನ್ನು ಕಾಡುತ್ತದೆ. ಅಡುಗೆಯ ಅಕ್ಕ ಎರಡನೆಯ ಸಲ ಬಾರದಿದ್ದರೆ, ನಮ್ಮ ಶಾಲೆಯ ಸುರಕ್ಷೆ ಯಾವುದರ ಮೇಲೆ ನಿಂತಿರುತ್ತಿತ್ತು? ಅಂದು ಗೋಡೆ ಇದ್ದಿದ್ದರೂ ಆ ಹುಡುಗ ಗೇಟಿನಿಂದಲೇ ಒಳಗೆ ಬರುತ್ತಿದ್ದ. ಅವನು ನಮ್ಮ ಸಮವಸ್ತ್ರದಲ್ಲಿದ್ದ.

ಆದುದರಿಂದ ದಾನಿಗಳಿಗೂ ಈ ಸಭೆಗೂ ನಮ್ಮ ನಿವೇದನೆ ಇದು. ರಸ್ತೆಯ ಕಡೆಗೆ ಗೋಡೆಯೂ ಗೇಟೂ ಆಗಲಿ. ಎಲ್ಲ ತರಗತಿಗಳ ಬಾಗಿಲಿಗೆ ಒಳಗಿನಿಂದ ಹಾಕುವ ಗಟ್ಟಿಯಾದ ಅಗುಳಿ ಬರಲಿ. ಆದರೆ ಮೈದಾನದ ಅಂಚಿನ ಕಾಲುದಾರಿಯನ್ನು ಮುಚ್ಚದಿರೋಣ. ಆ ದಾರಿಯಲ್ಲಿ ಹಾಲು ಒಯ್ಯುವವರೂ ಸೊಪ್ಪು ಹೊರುವವರೂ ನಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ. ಅಂಥ ಕಾವಲನ್ನು ಸಂಬಳ ಕೊಟ್ಟು ತರಲಾಗದು. ಕ್ಯಾಮರಾಗಳಿಗೂ ಕಾವಲುಗಾರನಿಗೂ ಎತ್ತಿಟ್ಟ ಹಣದಲ್ಲಿ, ಮಕ್ಕಳ ಮನಸ್ಸಿನ ಮಾತು ಕೇಳಲು ತರಬೇತಿ ಪಡೆದ ಆಪ್ತ ಸಲಹೆಗಾರರೊಬ್ಬರನ್ನು ನೇಮಿಸೋಣ. ಅವರ ಕೋಣೆ ಕಚೇರಿಯ ಪಕ್ಕದಲ್ಲಿರದೆ ಅಡುಗೆಮನೆಯ ಪಕ್ಕದಲ್ಲಿರಲಿ. ಮಕ್ಕಳು ಮಾತನಾಡಲು ಎಲ್ಲಿಗೆ ಹೋಗುತ್ತಾರೆಂಬುದನ್ನು ಆ ಏಳನೇ ತರಗತಿಯ ಹುಡುಗಿ ನಮಗೆ ತೋರಿಸಿಕೊಟ್ಟಿದ್ದಾಳೆ.

ಹೆತ್ತವರಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಕೋವಿಯಿದ್ದರೆ ಅದಕ್ಕೊಂದು ಬೀಗ, ಈಡಿಗೆ ಇನ್ನೊಂದು ಬೀಗ, ಎರಡು ಕೀಲಿಕೈಗಳಿಗೆ ಎರಡು ಜಾಗ. ತೋಟಕ್ಕೆ ಹೊಡೆಯುವ ವಿಷದ ಬಾಟಲಿಗೂ ಇದೇ ನಿಯಮ. ನೊಂದ ಮಗು ಇನ್ನೊಬ್ಬರ ಮೇಲಷ್ಟೇ ಅಲ್ಲ, ತನ್ನ ಮೇಲೂ ಕೈಮಾಡಿಕೊಳ್ಳಬಹುದು. ಮಕ್ಕಳು ಬಂದು, "ಅವನು ಹೀಗೆ ಹೇಳಿದ" ಎಂದಾಗ, ಚಾಡಿ ಹೇಳಬೇಡವೆಂದು ಗದರಬೇಡಿ. ಚಾಡಿಯೆಂದರೆ ಒಬ್ಬನನ್ನು ಸಿಕ್ಕಿಸುವುದಕ್ಕೆ ಹೇಳುವ ಮಾತು. ಒಬ್ಬನನ್ನು ಉಳಿಸುವುದಕ್ಕೆ ಹೇಳುವ ಮಾತು ಚಾಡಿಯಲ್ಲ. ಈ ಭೇದವನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ, ನೀವು ಮನೆಯಲ್ಲಿ ಕಲಿಸಿರಿ.

ಅಧ್ಯಾಪಕ ಬಂಧುಗಳೇ, ನಮಗೆ ನಾವೇ ಹಾಕಿಕೊಳ್ಳಬೇಕಾದ ನಿಯಮವೊಂದಿದೆ. ಮಗುವಿನ ಬಗ್ಗೆ ಯಾರು ಬಂದು ಹೇಳಿದರೂ ಕಡತದಿಂದ ತಲೆಯೆತ್ತಬೇಕು. ಹೇಳಿದವರು ಅಡುಗೆಯವರಿರಲಿ, ಬಸ್ಸಿನ ನಿರ್ವಾಹಕರಿರಲಿ, ಅಂದೇ ವಿಚಾರಿಸಬೇಕು. ಏನಾಯಿತೆಂದು ಅವರಿಗೆ ತಿಳಿಸಬೇಕು. ಎರಡನೆಯ ಸಲ ಬರುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಅಮೆರಿಕದ ಆ ವಾದ ಎಂದು ಮುಗಿಯುತ್ತದೆಂದು ಹೇಳಲು ನಾವು ಯಾರು? ಹಕ್ಕಿನ ಮಿತಿಯನ್ನು ಆ ದೇಶದ ಜನರೇ ನಿರ್ಣಯಿಸಬೇಕು. ಕಾನೂನು ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಡನ್‌ಬ್ಲೇನ್‌ನ ಹೆತ್ತವರು ಅದನ್ನು ತೋರಿಸಿಕೊಟ್ಟಿದ್ದಾರೆ. ಆದರೆ ಕಾನೂನು ಅಂಗಡಿಯ ಬಾಗಿಲಲ್ಲಿ ನಿಲ್ಲಬಲ್ಲದು. ಜಗಲಿಯ ಗೋಡೆಯವರೆಗೂ ಹಿಂದಿನ ಬೆಂಚಿನವರೆಗೂ ಅದು ಬರಲಾರದು. ಅಲ್ಲಿಯವರೆಗೆ ಹೋಗಬೇಕಾದವರು ನಾವು, ನೀವು.

ಪತ್ರ ಬರೆದ ನಮ್ಮ ವಿದ್ಯಾರ್ಥಿನಿ ಶತಮಾನೋತ್ಸವದ ಸಮಾರೋಪಕ್ಕೆ ಮಗಳೊಡನೆ ಬರುವುದಾಗಿ ತಿಳಿಸಿದ್ದಾಳೆ. ಬಾವಿಕಟ್ಟೆಯ ಬಳಿಯ ಹಲಸಿನ ಮರ ಇನ್ನೂ ಇದೆ. ಗೋಡೆಯ ನಕ್ಷೆಯಲ್ಲಿ ಅದನ್ನು ಕಡಿಯಬೇಕೆಂದು ಇತ್ತು. ಬೇಡವೆಂದು ನಾವು ಬರೆದು ಕಳುಹಿಸಿದ್ದೇವೆ. ಆ ಮಗು ಬಂದಾಗ ಅಡಗಲು ಒಂದು ಜಾಗ ಬೇಕಲ್ಲವೇ? ಅಡಗಿದ ಮೇಲೆ ನಗುತ್ತ ಹೊರಗೆ ಓಡಿಬರುವ ಆಟವನ್ನು ಅದಕ್ಕೆ ನಮ್ಮ ಮಕ್ಕಳು ಕಲಿಸಲಿ.